ಸೊನ್ನೆ ನೋಡಿ ಹತ್ತಿದವಳು

ನನ್ನ ತಮ್ಮನ ಮಗಳನ್ನು ಶಾಲೆಯಲ್ಲಿ ಮೇಷ್ಟ್ರುಗಳಿಂದ ಹಿಡಿದು ಗಂಟೆ ಹೊಡೆಯುವವನ ತನಕ ಎಲ್ಲರೂ ಮುಳ್ಳು ಎಂದೇ ಕರೆಯುತ್ತಾರೆ. ಕಾಲಿಗೆ ಚುಚ್ಚುವ ಮುಳ್ಳಲ್ಲ, ತಕ್ಕಡಿಯ ಮುಳ್ಳು. ಹೆಸರಿಟ್ಟವಳು ನಾನೇ, ಅವಳ ಸೋದರತ್ತೆ. ಮಗುವಾಗಿದ್ದಾಗಲೇ ಅಷ್ಟು ಸಪೂರ, ಅಷ್ಟು ನೆಟ್ಟಗೆ, ಮುಟ್ಟಿದರೆ ಸಾಕು ಆ ಕಡೆ ಈ ಕಡೆ ಓಲಾಡುವ ಜೀವ. ಬೇರೆ ಯಾವ ಹೆಸರು ತಾನೇ ಹೊಂದುತ್ತಿತ್ತು? ಅವಳಪ್ಪ ಇಟ್ಟ ಚೆಂದದ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿದೆ.

ನಮ್ಮದು ತಕ್ಕಡಿ ರಿಪೇರಿಯ ಮನೆತನ. ನಮ್ಮಪ್ಪ ಮಾಡುತ್ತಿದ್ದುದನ್ನೇ ನನ್ನ ತಮ್ಮ ಮಾಡುತ್ತಾನೆ. ಶಾಲೆಯ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನಿಗೂ ಹೊಲಿಗೆ ಅಂಗಡಿಗೂ ನಡುವೆ ಅವನದೊಂದು ಕಿರಿದಾದ ಕೋಣೆ. ಗೋಡೆಯ ತುಂಬ ನೇತಾಡುವ ತಟ್ಟೆಗಳು, ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತ ತೂಕದ ಯಂತ್ರಗಳು, ಎಣ್ಣೆ ಡಬ್ಬಿ, ಸ್ಪ್ರಿಂಗುಗಳು, ಸಾಲಾಗಿ ಜೋಡಿಸಿದ ತೂಕದ ಕಲ್ಲುಗಳು. ಕಬ್ಬಿಣದ್ದಾದರೂ ಅವನ್ನು ಕಲ್ಲು ಎಂದೇ ಕರೆಯುವುದು. ನಾನು ಆ ಕೋಣೆಯಿಂದ ತಪ್ಪಿಸಿಕೊಂಡು ಶಾಲೆಯ ಕ್ಯಾಂಟೀನು ಹಿಡಿದೆ. ಚಹಾ, ಬನ್ನು, ಬಿಸ್ಕತ್ತು, ಬಾಳೆಹಣ್ಣು, ಜೊತೆಗೆ ಪುಕ್ಕಟೆ ಬೈಗುಳ. ಮಕ್ಕಳು ಬೈಗುಳಕ್ಕಾಗಿಯೇ ಬರುತ್ತಾರೆ ಎಂದು ನನ್ನ ಅಂದಾಜು. ಬನ್ನು ಅಷ್ಟೇನೂ ಚೆನ್ನಾಗಿರುವುದಿಲ್ಲ.

ನಮ್ಮ ಮನೆಯಲ್ಲಿ ಇರುವುದು ಒಂದೇ ಕಟ್ಟಳೆ: ಮೊದಲು ಸೊನ್ನೆ ನೋಡು. ತಕ್ಕಡಿಯ ಮೇಲೆ ಏನನ್ನೇ ಇಡುವ ಮೊದಲು ಅದರ ಮುಳ್ಳು ಸೊನ್ನೆಯ ಮೇಲೆ ನಿಂತಿದೆಯಾ ಎಂದು ಬಗ್ಗಿ ನೋಡಬೇಕು. ನಿಂತಿಲ್ಲವಾದರೆ ಸರಿಮಾಡಿ ಆಮೇಲೆ ತೂಗಬೇಕು. ಬೇರೆ ಮನೆಗಳಲ್ಲಿ ಕೈ ತೊಳೆದು ಊಟಕ್ಕೆ ಕೂರು ಎಂದು ಕಲಿಸುವ ವಯಸ್ಸಿಗೆ ನಮ್ಮಲ್ಲಿ ಇದನ್ನು ಕಲಿಸುತ್ತಾರೆ. ನಾನು ಕಲಿತು ಮರೆತೆ. ತಮ್ಮ ಕಲಿತು ಅದರಿಂದಲೇ ಹೊಟ್ಟೆ ಹೊರೆದ. ಮುಳ್ಳು ಮಾತ್ರ ಕಲಿತು ಎಲ್ಲರ ಪ್ರಾಣ ತಿಂದಳು.

ಇನ್ನೂ ಎರಡು ಜಡೆ ಹಾಕುತ್ತಿದ್ದ ಕಾಲದ ಮಾತು. ಅವಳನ್ನು ಕರೆದುಕೊಂಡು ತರಕಾರಿ ಕೊಳ್ಳಲು ಹೋಗಿದ್ದೆ. ತರಕಾರಿಯವನು ಟೊಮೇಟೊ ತೂಗಿ ನನ್ನ ಚೀಲಕ್ಕೆ ಸುರಿದ. ಇವಳು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಅವನ ತಕ್ಕಡಿಯನ್ನೇ ದಿಟ್ಟಿಸಿ, "ಮಾಮ, ನಿಮ್ಮ ಮುಳ್ಳು ಸೊನ್ನೆಗಿಂತ ಹಿಂದೆ ಇದೆ. ನೀವು ಎಲ್ಲರಿಗೂ ಜಾಸ್ತಿ ಕೊಡ್ತಾ ಇದ್ದೀರ," ಎಂದಳು. ಅವನು ತಿರುಪು ತಿರುಗಿಸಿದ, ಮತ್ತೆ ತೂಗಿದ, ನನ್ನ ಚೀಲದಿಂದ ಎರಡು ಒಳ್ಳೊಳ್ಳೆ ಟೊಮೇಟೊ ತೆಗೆದು ಬುಟ್ಟಿಗೆ ಹಾಕಿಕೊಂಡ. ನಾನು ತಲೆ ತಲೆ ಚಚ್ಚಿಕೊಂಡೆ. "ಅದರಿಂದ ನಿನಗೇನು ಬಂತೇ, ಪುಣ್ಯಾತ್ಗಿತ್ತಿ?" ಎಂದರೆ, "ಅತ್ತೆ, ಸೊನ್ನೆ ತಪ್ಪಿತ್ತು," ಎಂದಳು. ಅಷ್ಟೇ. ಅವಳ ಪಾಲಿಗೆ ಅದೇ ಪೂರ್ತಿ ಉತ್ತರ.

ಇನ್ನು ರಕ್ತದ ವಿಷಯ. ಮುಳ್ಳು ಹುಟ್ಟಿದ ಮಧ್ಯಾಹ್ನ ಅವಳಮ್ಮನಿಗೆ ರಕ್ತ ಹರಿದು ನಿಲ್ಲಲಿಲ್ಲ. ಮುಖ ಗೋಡೆಯಷ್ಟು ಬೆಳ್ಳಗಾಯಿತು. ಕೂಡಲೇ ರಕ್ತ ಬೇಕು, ಮನೆಯವರಲ್ಲಿ ಯಾರಾದರೂ ಕೊಡುತ್ತೀರಾ ಎಂದು ಆಸ್ಪತ್ರೆಯವರು ಕೇಳಿದರು. ನಾನು ಸಕ್ಕರೆ ಕಾಯಿಲೆಗೆ ದಿನಾ ಚುಚ್ಚಿಕೊಳ್ಳುವವಳು, ನನ್ನದು ನಡೆಯುವುದಿಲ್ಲ. ನನ್ನ ತಮ್ಮ ಹುಲಿಯ ಹಾಗೆ ತೋಳು ಮಡಚಿಕೊಂಡು ಒಳಗೆ ಹೋದ. ಸೂಜಿ ನೋಡಿದ. ಅಷ್ಟೇ ನೋಡಿದ್ದು. ಬುಡ ಕಡಿದ ಬಾಳೆಗಿಡದ ಹಾಗೆ ಬಿದ್ದವನನ್ನು ಇಬ್ಬರು ಹೊತ್ತು ತಂದು ಮಲಗಿಸಬೇಕಾಯಿತು. ರಕ್ತ ಕೊಡಲು ಹೋದವನು ತಾನೇ ಒಂದು ಹಾಸಿಗೆ ಹಿಡಿದ. ಕೊನೆಗೆ ಯಾರೋ ಎಂದೋ ಕೊಟ್ಟು ಹೋಗಿದ್ದ ರಕ್ತ ಆಸ್ಪತ್ರೆಯ ತಂಪು ಪೆಟ್ಟಿಗೆಯಲ್ಲಿತ್ತು, ಅದು ಅವಳನ್ನು ಉಳಿಸಿತು. ಆಮೇಲೆ ತಮ್ಮ ವಾರಗಟ್ಟಲೆ ಆಸ್ಪತ್ರೆಗೆ ಅಲೆದ, ಕೊಟ್ಟವರ ಹೆಸರು ಹೇಳಿ, ಒಂದು ಸಲ ಕೈ ಮುಗಿದು ಬರುತ್ತೇನೆ ಎಂದು. ಅವರು ಹೇಳಲಿಲ್ಲ.

ಮುಳ್ಳಿನ ಪ್ರತಿ ಹುಟ್ಟುಹಬ್ಬಕ್ಕೂ ಅವಳಮ್ಮ ಈ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾಳೆ. ತಮ್ಮ ಬೀಳುವ ಜಾಗಕ್ಕೆ ಬಂದಾಗ ಎಲ್ಲರೂ ನಗುತ್ತೇವೆ. ಅವನು ತಟ್ಟೆ ನೋಡುತ್ತಾ, "ಆವತ್ತು ನಾನು ಊಟ ಮಾಡಿರಲಿಲ್ಲ, ಅದಕ್ಕೇ," ಎನ್ನುತ್ತಾನೆ. ವರ್ಷ ವರ್ಷವೂ ಅದೇ ಮಾತು. ನಾವು ಮತ್ತೂ ನಗುತ್ತೇವೆ. ಮುಳ್ಳು ಮಾತ್ರ ದೊಡ್ಡವಳಾಗುತ್ತಾ ಆಗುತ್ತಾ ನಗುವುದನ್ನು ಬಿಟ್ಟಳು. ಹೋದ ವರ್ಷ ಕಥೆ ಮುಗಿದ ಮೇಲೆ, "ಈ ಮನೆಯಿಂದ ಒಬ್ಬರಾದರೂ ವಾಪಸು ಕೊಡಬೇಕು ತಾನೇ? ನನಗೆ ಹದಿನೆಂಟು ತುಂಬಲಿ, ನಾನು ಕೊಡ್ತೀನಿ," ಎಂದಳು. ಅವಳಮ್ಮನಿಗೆ ಇವತ್ತಿಗೂ ರಕ್ತ ಸಾಲದು, ಮಾತ್ರೆ ನುಂಗುತ್ತಾಳೆ, ಅವಳು ಕೊಡುವಂತಿಲ್ಲ. ತಮ್ಮ ಎದ್ದು ಕೈ ತೊಳೆಯಲು ಹೋದ. ಬಹಳ ಹೊತ್ತು ತೊಳೆದ.

ಈ ವರ್ಷ ಅವಳು ಕೊನೆಯ ತರಗತಿ. ಹದಿನೆಂಟು ತುಂಬಿತು. ಅದೇ ಸಮಯಕ್ಕೆ ಶಾಲೆಯಲ್ಲಿ ರಕ್ತದಾನ ಶಿಬಿರ ಎಂದು ನೋಟಿಸು ಹಾಕಿದರು. ಹದಿನೆಂಟು ದಾಟಿದ ವಿದ್ಯಾರ್ಥಿಗಳು, ಮೇಷ್ಟ್ರುಗಳು, ತಂದೆತಾಯಂದಿರು, ಯಾರು ಬೇಕಾದರೂ ಕೊಡಬಹುದು. ತೂಕ ಮಾತ್ರ ನಲವತ್ತೈದು ಕೆಜಿಗಿಂತ ಕಡಿಮೆ ಇರಕೂಡದು. ಆ ಕೊನೆಯ ಸಾಲು ಓದಿ ಮುಳ್ಳು ಬೆಳ್ಳಗಾದಳು. ತಕ್ಕಡಿ ಮನೆಯ ಹುಡುಗಿಗೆ ತನ್ನ ತೂಕ ಗೊತ್ತಿರುವುದಿಲ್ಲವೇ? ನಲವತ್ತಮೂರು.

"ಅಳಬೇಡ. ಇದು ನನ್ನ ಇಲಾಖೆ," ಎಂದೆ ನಾನು.

ಅಂದಿನಿಂದ ಅವಳು ಕ್ಯಾಂಟೀನಿನ ಮುಂದೆ ಹಾದುಹೋಗುವಂತಿಲ್ಲ. ಹಾಲು ಕುಡಿ, ಬಾಳೆಹಣ್ಣು ತಿನ್ನು, ಕಡಲೆಕಾಯಿ ಜೇಬಿಗೆ ಹಾಕಿಕೋ, ಬ್ರೆಡ್ಡಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಇನ್ನಷ್ಟು ಬೆಣ್ಣೆ. ಅವಳು ಔಷಧಿ ನುಂಗುವ ಮುಖ ಮಾಡಿಕೊಂಡು ತಿಂದಳು. ಸಂಜೆ ಅಪ್ಪನ ಅಂಗಡಿಗೆ ಹೋಗಿ, ಸೊನ್ನೆ ನೋಡಿ, ಹತ್ತಿ ನಿಲ್ಲುವಳು. ಮುಳ್ಳು ನಲವತ್ತಮೂರರ ಹತ್ತಿರವೇ ಬೇರು ಬಿಟ್ಟು ನಿಂತಿತ್ತು. ಇತ್ತ ನಾನು ಅವಳಿಗೆ ಕೊಟ್ಟು ಉಳಿದದ್ದನ್ನು ಹಾಳಾಗಬಾರದೆಂದು ತಿಂದು, ನನ್ನ ರವಿಕೆಯ ಹೊಲಿಗೆ ಬಿಚ್ಚಿಸುವ ಹಾಗಾಯಿತು. ಊದುವುದು ಒಬ್ಬರಿಗೆ, ಉಬ್ಬುವುದು ಇನ್ನೊಬ್ಬರು.

ಕೊನೆಗೆ ನಾನೊಂದು ಸುಲಭದ ದಾರಿ ತೋರಿಸಿದೆ. "ನಿಮ್ಮಪ್ಪನ ಅಂಗಡಿಯಲ್ಲಿ ಕಲ್ಲಿಗೇನು ಬರವಾ? ಆ ಕಡೆ ಜೇಬಿಗೊಂದು, ಈ ಕಡೆ ಜೇಬಿಗೊಂದು ಹಾಕ್ಕೊಂಡು ಹತ್ತು. ಯಾರು ನೋಡ್ತಾರೆ?"

ಅವಳು ತಿನ್ನುತ್ತಿದ್ದ ಬ್ರೆಡ್ಡು ಕೆಳಗಿಟ್ಟಳು. "ಕಲ್ಲಲ್ಲಿ ರಕ್ತ ಇರುತ್ತಾ ಅತ್ತೆ?" ಎಂದಳು.

ಇಂಥವಳಿಗೆ ಉಪಕಾರ ಮಾಡುವುದು ಹೇಗೆ ಹೇಳಿ. ಆದರೂ ಹಟಕ್ಕೆ ಬಿದ್ದು ತಿಂದದ್ದು ಪೂರ್ತಿ ನೀರುಪಾಲಾಗಲಿಲ್ಲ. ಶಿಬಿರದ ಹಿಂದಿನ ಸಂಜೆ ಮುಳ್ಳು ನಲವತ್ತನಾಲ್ಕು ಮುಟ್ಟಿತು. ಬೆಳಿಗ್ಗೆ ಹೊಟ್ಟೆ ತುಂಬ ತಿಂದು, ಒಂದು ತಂಬಿಗೆ ನೀರು ಕುಡಿದು, ದಪ್ಪ ಬೂಟು ಹಾಕಿಕೊಂಡು ಹೋದರೆ ಆದೀತು ಎಂದು ಅವಳು ಲೆಕ್ಕ ಹಾಕಿದ್ದಳು. ಬೂಟು ಮೋಸವಲ್ಲವಂತೆ, ಬೂಟು ಎಲ್ಲರ ಕಾಲಲ್ಲೂ ಇರುತ್ತದಂತೆ.

ಶಾಲೆಯ ಸಭಾಂಗಣದ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿ, ಮಡಚುವ ಮಂಚಗಳನ್ನು ಸಾಲಾಗಿ ಹಾಕಿದ್ದರು. ಬಾಗಿಲ ಬಳಿ ತೂಕ, ಆಮೇಲೆ ಬೆರಳು ಚುಚ್ಚುವ ಮೇಜು, ಆಮೇಲೆ ಡಾಕ್ಟರಮ್ಮ, ಕೊನೆಗೆ ಮಂಚ. ಆಚೆ ತುದಿಯಲ್ಲಿ ನಾನು, ಕೊಟ್ಟು ಬಂದವರಿಗೆ ಹಣ್ಣಿನ ರಸ ಮತ್ತು ಬಿಸ್ಕತ್ತು ಹಂಚಲು. ಆಸ್ಪತ್ರೆಯವರು ತಂದ ತೂಕದ ಯಂತ್ರದ ಬ್ಯಾಟರಿ ದಾರಿಯಲ್ಲೇ ಕಣ್ಣು ಮುಚ್ಚಿತ್ತು. ಡ್ರಿಲ್ ಮೇಷ್ಟ್ರು, "ನಮ್ಮಲ್ಲಿ ಇಲ್ವಾ ಯಂತ್ರ?" ಎಂದು ಎದೆ ಉಬ್ಬಿಸಿ ಹೋಗಿ, ಕಾಯಿಲೆ ಮಕ್ಕಳ ಕೋಣೆಯಿಂದ ಹಳೆಯದೊಂದನ್ನು ಕಂಕುಳಲ್ಲಿ ಇರುಕಿಕೊಂಡು ತಂದರು. ದುಂಡು ಮುಖ, ಕಪ್ಪು ಮುಳ್ಳು, ನಿಲ್ಲಲು ಒಂದು ಹಲಗೆ. ತಂದವರು ಅದನ್ನು ನೆಲಕ್ಕೆ ಕುಕ್ಕಿದರು.

ನಾನು ಲೋಟ ಜೋಡಿಸುತ್ತಿದ್ದವಳು ಆ ಸದ್ದಿಗೆ ತಿರುಗಿದೆ. ಕಲಿತು ಮರೆತೆ ಎಂದೆನಲ್ಲ, ಸುಳ್ಳು. ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ಕಣ್ಣು ತಾನಾಗಿ ಸೊನ್ನೆಗೆ ಹೋಯಿತು. ಹಲಗೆಯ ಮೇಲೆ ಯಾರೂ ಇಲ್ಲ, ಆದರೂ ಮುಳ್ಳು ಎರಡರ ಮೇಲೆ ನಿಂತಿದೆ! ಅಂದರೆ ಹತ್ತಿದವರಿಗೆಲ್ಲ ಎರಡು ಕೆಜಿ ಪುಕ್ಕಟೆ. ನಲವತ್ತನಾಲ್ಕರವಳು ಕಣ್ಣು ಮುಚ್ಚಿ ಹತ್ತಿದರೂ ನಲವತ್ತಾರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಇಷ್ಟು ದಿನ ನನ್ನ ಬೆಣ್ಣೆಗೆ ಆಗದ ಕೆಲಸ ಡ್ರಿಲ್ ಮೇಷ್ಟ್ರ ಕಂಕುಳಿಗೆ ಆಗಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ಲೋಟ ಒರೆಸತೊಡಗಿದೆ.

ಮೊದಲು ಹತ್ತಿದವರು ಡ್ರಿಲ್ ಮೇಷ್ಟ್ರೇ. ನರ್ಸಮ್ಮ, "ಎಂಬತ್ತೆರಡು," ಎಂದಳು. "ಸಾಧ್ಯವೇ ಇಲ್ಲ. ನಾನು ಎಂಬತ್ತು ದಾಟೋನೇ ಅಲ್ಲ. ಯಂತ್ರ ಸರಿ ಇಲ್ಲ," ಎಂದು ಅವರು ವಾದಕ್ಕೆ ನಿಂತರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಮುಸಿಮುಸಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕು, "ಮೇಷ್ಟ್ರೇ, ಯಂತ್ರಕ್ಕೆ ಯಾಕೆ ಬೈತೀರ? ನನ್ನ ಬನ್ನಿಗೆ ಬೈರಿ," ಎಂದೆ. ಅವರು ಹೊಟ್ಟೆ ಎಳೆದುಕೊಂಡು ಬೆರಳು ಚುಚ್ಚಿಸಿಕೊಳ್ಳಲು ಹೋದರು. ಅವರ ಹಿಂದೆ ನಾಲ್ಕಾರು ಹುಡುಗ ಹುಡುಗಿಯರು ಹತ್ತಿ ಇಳಿದರು. ಒಬ್ಬರೂ ಸೊನ್ನೆ ನೋಡಲಿಲ್ಲ. ಯಾರಾದರೂ ಯಾಕೆ ನೋಡುತ್ತಾರೆ? ಜನ ತಕ್ಕಡಿ ಹತ್ತಿದ ಮೇಲೆ ಮುಳ್ಳು ನೋಡುತ್ತಾರೆ, ಹತ್ತುವ ಮೊದಲು ನೋಡುವುದು ನಮ್ಮ ಮನೆಯವರು ಮಾತ್ರ.

ಅಷ್ಟರಲ್ಲಿ ಅವಳ ಸರದಿ ಬಂತು. ಬೂಟು ದಪದಪ ಸದ್ದು ಮಾಡುತ್ತಾ ಬಂದಳು. ಮುಖದಲ್ಲಿ ಮದುವಣಗಿತ್ತಿಯ ಗಾಂಭೀರ್ಯ. ನಾನು ಮನಸ್ಸಿನಲ್ಲೇ, ಹತ್ತೇ, ಸುಮ್ಮನೆ ಹತ್ತೇ, ನನ್ನಮ್ಮಾ, ಒಂದು ಸಲ ಮಾತ್ರ ಬೇರೆಯವರ ಮನೆ ಮಗಳ ಹಾಗೆ ಹತ್ತೇ ಎಂದು ಬೇಡಿಕೊಂಡೆ. ಅವಳು ಒಂದು ಕಾಲು ಎತ್ತಿದಳು. ಎತ್ತಿದ ಕಾಲನ್ನು ಹಾಗೇ ಇಳಿಸಿದಳು. ಬಗ್ಗಿದಳು.

ನಾನು ಟ್ರೇ ಕೆಳಗಿಟ್ಟು ಎರಡೂ ಕೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡಿದೆ. ಕಣ್ಣು ಅರಳಿಸಿದೆ, ತುಟಿ ಕಚ್ಚಿದೆ, ತಲೆ ಅಲ್ಲಾಡಿಸಿದೆ. ಅವಳು ನನ್ನನ್ನು ನೋಡಿದಳು ಕೂಡ. ನಾನು ಯಾಕೆ ಕುಣಿಯುತ್ತಿದ್ದೇನೆ ಎಂಬುದು ಅವಳಿಗೆ ಅರ್ಥವಾಯಿತು, ನನಗೆ ಗೊತ್ತು. ಒಂದು ಕ್ಷಣ ಅವಳ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಹಲಗೆಯ ಅಡಿಗೆ ಕೈ ಹಾಕಿ, ತಿರುಪು ಹುಡುಕಿ, ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಹತ್ತಿದಳು.

ಮುಳ್ಳು ನಲವತ್ತೈದರ ಹೊಸ್ತಿಲ ತನಕ ಹೋಯಿತು. ಅಲ್ಲಾಡಿತು. ಒಳಗೆ ಕಾಲಿಡದೆ ಹಿಂದೆ ಬಂದು ನಲವತ್ತನಾಲ್ಕೂವರೆಯಲ್ಲಿ ನಿಂತಿತು.

"ಆಗಲ್ಲಮ್ಮ. ಇಳಿ," ಎಂದಳು ನರ್ಸಮ್ಮ.

"ಅರ್ಧ ಕೆಜಿ ತಾನೇ?" ಎಂದು ನಾನು ಮೇಜು ಬಿಟ್ಟು ಓಡಿ ಬಂದೆ. "ನಾನು ಇಲ್ಲೇ ಎರಡು ಬಾಳೆಹಣ್ಣು ತಿನ್ನಿಸ್ತೀನಿ, ತಾಳಿ."

ಡಾಕ್ಟರಮ್ಮ ಎದ್ದು ಬಂದರು. ವಯಸ್ಸಾದವರು, ಜಗ್ಗುವವರಲ್ಲ. "ಇವಳನ್ನು ಮಲಗಿಸಿ ರಕ್ತ ತೆಗೆದರೆ ಆಮೇಲೆ ಇವಳು ತಲೆ ತಿರುಗಿ ಬೀಳ್ತಾಳೆ. ನಿಮಗೆ ಬೇಕಾ ಅದು?" ಎಂದು ನನ್ನನ್ನು ಕೇಳಿದರು. ನನಗೆ ಬೇಡವಾಗಿತ್ತು. ಆ ಕಡೆ ಯೋಚನೆಯನ್ನೇ ಮಾಡಿರಲಿಲ್ಲ ನಾನು, ಅದು ನಿಜ. ಆಮೇಲೆ ಅವರು ಮುಳ್ಳಿನ ಕಡೆ ತಿರುಗಿ, "ನೀನು ಬಗ್ಗಿ ಅದಕ್ಕೇನು ಮಾಡಿದೆ?" ಎಂದರು.

"ಎರಡು ಕೆಜಿ ಮುಂದಿತ್ತು ಮೇಡಂ. ಸೊನ್ನೆಗೆ ತಂದೆ."

"ನಾನು ಹೇಳಿದೆ ತಾನೇ!" ಎಂದು ಮಂಚದ ಕಡೆಯಿಂದ ಕೂಗು ಬಂತು. ಡ್ರಿಲ್ ಮೇಷ್ಟ್ರು ತೋಳಿಗೆ ಅರ್ಧ ಬಿಗಿದ ಪಟ್ಟಿಯೊಡನೆಯೇ ಎದ್ದು ಬಂದು ಮತ್ತೆ ಹತ್ತಿ ನಿಂತರು. ಎಂಬತ್ತು. ಅವರ ಮುಖ ನೋಡಬೇಕಿತ್ತು. ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ, "ಎಂಬತ್ತು, ನೋಡಿದ್ರಾ?" ಎನ್ನತೊಡಗಿದರು. ಮೊದಲು ಹತ್ತಿದ್ದ ಮಕ್ಕಳನ್ನೂ ವಾಪಸು ಕರೆದು ತೂಗಿದರು. ಒಬ್ಬ ಹುಡುಗ ತೂಕ ಸಾಲದೆ ಹೊರಗೆ ಬಿದ್ದ. ಬೆಳಗಿನಿಂದ ಮೀಸೆ ತಿರುವುತ್ತಿದ್ದವನು ಅವನೇ. ಈಗ ಬದುಕಿದೆಯಾ ಬಡಜೀವವೇ ಎಂಬ ಹಾಗೆ ಕ್ಯಾಂಟೀನಿನ ಕಡೆ ಹಾರಿದ.

ಡಾಕ್ಟರಮ್ಮ ಯಂತ್ರವನ್ನು ಕಾಲಿನಿಂದ ಒಂದಿಷ್ಟು ಸರಿಸಿದರು. ಮುಳ್ಳು ಮತ್ತೆ ಅರ್ಧ ಗೆರೆ ಮುಂದೆ ಜಾರಿತು. "ಇದನ್ನು ನಂಬಿ ನಾನು ಯಾರನ್ನೂ ಮಲಗಿಸಲ್ಲ. ರಿಪೇರಿ ಮಾಡೋರು ಹತ್ತಿರದಲ್ಲಿ ಯಾರಾದರೂ ಇದ್ದಾರಾ?" ಎಂದರು. ಇಡೀ ಸಭಾಂಗಣ ನನ್ನ ತಮ್ಮನ ಮಗಳ ಕಡೆ ನೋಡಿತು. ಡ್ರಿಲ್ ಮೇಷ್ಟ್ರು ಎರಡು ಕೆಜಿ ಇಳಿದ ಹುರುಪಿನಲ್ಲಿ ಓಡುತ್ತಲೇ ನನ್ನ ತಮ್ಮನನ್ನು ಕರೆತರಲು ಹೋದರು.

ಮುಳ್ಳು ನನ್ನ ಮೇಜಿನ ಹಿಂದೆ ಬಂದು ನೆಲದ ಮೇಲೆ ಕೂತಳು. ಬೂಟು ಬಿಚ್ಚಿ ಎಸೆದಳು. ಅಳು ಒತ್ತಿ ಬರುತ್ತಿತ್ತು. ನನಗೂ ಹೊಟ್ಟೆ ಉರಿಯುತ್ತಿತ್ತು. ಸಿಟ್ಟು ಬಂದರೆ ನನ್ನ ನಾಲಿಗೆಗೆ ಎಲುಬಿಲ್ಲ.

"ಕೈಗೆ ಬಂದ ತುತ್ತನ್ನ ನೀನೇ ನೆಲಕ್ಕೆ ಹಾಕಿದೆಯಲ್ಲೇ! ನಾನು ಅಷ್ಟು ಕೈ ಬೀಸಿದೆ, ಕಾಣಲಿಲ್ವಾ?"

"ಕಾಣಿಸ್ತು."

"ಮತ್ತೆ? ಕಾಲಿಟ್ಟು ನಿಂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಗೊತ್ತಿಲ್ಲ ಅತ್ತೆ. ನನ್ನ ಕೈಯೇ ಹೋಯ್ತು." ಮೂಗು ಒರೆಸಿಕೊಂಡಳು. "ಈ ಸಲಾನೂ ನಮ್ಮ ಮನೆಯಿಂದ ಯಾರೂ ಕೊಡಲಿಲ್ಲ, ಅಲ್ವಾ? ಅಮ್ಮ ಇನ್ನೊಂದು ವರ್ಷ ಅದೇ ಕಥೆ ಹೇಳ್ತಾಳೆ, ಅಪ್ಪ ಅದೇ ಮಾತು ಹೇಳ್ತಾನೆ."

ನಾನು ಒಂದು ಬಿಸ್ಕತ್ತು ಕೊಟ್ಟೆ. ರಕ್ತ ಕೊಟ್ಟವರಿಗೆ ಇದು ಎಂದು ಅದನ್ನೂ ವಾಪಸು ಇಟ್ಟಳು. ಇಂಥವಳನ್ನು ಕಟ್ಟಿಕೊಂಡು ನಾನು ಏಗಬೇಕು.

ತಮ್ಮ ಬಂದ. ಒಂದು ಕೈಯಲ್ಲಿ ಸಾಮಾನಿನ ಚೀಲ, ಇನ್ನೊಂದರಲ್ಲಿ ಹತ್ತು ಕೆಜಿಯ ಕಲ್ಲು. ಬಾಗಿಲಲ್ಲಿ ಒಂದು ಸಲ ನಿಂತು, ಮಂಚಗಳು ಯಾವ ಕಡೆ ಇವೆ ಎಂದು ಓರೆಗಣ್ಣಲ್ಲಿ ನೋಡಿಕೊಂಡು, ಅವುಗಳಿಗೆ ಬೆನ್ನು ಮಾಡಿ ಅಡ್ಡಡ್ಡ ನಡೆಯುತ್ತಾ ಒಳಗೆ ಬಂದ. ಗೋಡೆಗೆ ಮುಖ ಮಾಡಿ ಕೂತು ಯಂತ್ರದ ಹೊಟ್ಟೆ ಬಿಚ್ಚಿದ. ಬಿಚ್ಚಿದ ಮೇಲೆ ಅವನ ಹೆಗಲು ಸಡಿಲಾಯಿತು. ಆ ಕೆಲಸದಲ್ಲಿ ಅವನಿಗೆ ಯಾವ ಭಯವೂ ಇಲ್ಲ. ಸವೆದ ತಿರುಪು ಬದಲಿಸಿದ, ಸ್ಪ್ರಿಂಗಿಗೆ ಎಣ್ಣೆ ಬಿಟ್ಟ, ಮುಚ್ಚಿದ, ಕಲ್ಲು ಇಟ್ಟು ನೋಡಿದ. ಹತ್ತಕ್ಕೆ ಹತ್ತು ತೋರಿಸಿತು.

"ಆಯ್ತಾ?" ಎಂದರು ಡಾಕ್ಟರಮ್ಮ.

"ಇಲ್ಲಮ್ಮ. ಹತ್ತಕ್ಕೆ ಸರಿ ಇದ್ದದ್ದು ಎಪ್ಪತ್ತಕ್ಕೆ ತಪ್ಪಬಹುದು. ದೊಡ್ಡ ಕಲ್ಲು ಇಟ್ಟು ನೋಡಬೇಕು."

ದೊಡ್ಡ ಕಲ್ಲು ಎಂದರೆ ಅವನೇ. ಮನುಷ್ಯರನ್ನು ತೂಗುವ ಯಂತ್ರ ರಿಪೇರಿಗೆ ಬಂದರೆ ಅವನು ಮಾಡುವುದೇ ಹಾಗೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ, ಸರಕಾರದ ಮುದ್ರೆ ಇರುವ ತಕ್ಕಡಿಯ ಮೇಲೆ ತನ್ನನ್ನು ತಾನು ತೂಗಿಕೊಳ್ಳುತ್ತಾನೆ. ಊಟದ ಮೇಲೆ ಇನ್ನೊಮ್ಮೆ. ಆಮೇಲೆ ದಿನವಿಡೀ ತನ್ನನ್ನೇ ಕಲ್ಲು ಮಾಡಿಕೊಂಡು ಬೇರೆ ಯಂತ್ರ ಹತ್ತಿ ಇಳಿಯುತ್ತಾನೆ. ಊರಿನ ತೂಕದ ಯಂತ್ರಗಳೆಲ್ಲ ಅವನ ಮೈಗೆ ಸರಿಹೊಂದಿಕೊಂಡಿವೆ ಎಂದರೂ ನಡೆಯುತ್ತದೆ. ಈಗಲೂ ಚಪ್ಪಲಿ ಬಿಟ್ಟು, ಸೊನ್ನೆ ನೋಡಿ, ಹತ್ತಿ ನೆಟ್ಟಗೆ ನಿಂತ.

"ಎಪ್ಪತ್ತೆರಡು ತೋರಿಸ್ತಾ ಇದೆಯಾ?" ಎಂದು ಕೇಳಿದ.

"ಎಪ್ಪತ್ತೆರಡು!" ಎಂದಳು ಮುಳ್ಳು. ಯಾವಾಗ ನನ್ನ ಮೇಜಿನ ಹಿಂದಿನಿಂದ ಎದ್ದಳೋ, ಬರಿಗಾಲಲ್ಲಿ ಯಾವಾಗ ಅಲ್ಲಿಗೆ ಹೋಗಿ ನಿಂತಳೋ! ಕಣ್ಣಿನ್ನೂ ಒದ್ದೆ, ಆದರೆ ಅವುಗಳ ಒಳಗೆ ಬೇರೇನೋ ಮಿಣುಕುತ್ತಿತ್ತು. "ತೂಕ ಸರಿಯಾಗಿದೆ ಅಪ್ಪ. ನಲವತ್ತೈದಕ್ಕಿಂತ ತುಂಬಾನೇ ಜಾಸ್ತಿ. ನರ್ಸಮ್ಮ, ಬರ್ಕೊಳ್ಳಿ."

ನರ್ಸಮ್ಮ ಪಾಪ ಸಾಲು ನೋಡಿ ಸುಸ್ತಾಗಿದ್ದವಳು, ತಲೆ ಎತ್ತದೆ ಬರೆದುಕೊಂಡು, "ಊಟ ಆಗಿದೆಯಾ?" ಎಂದಳು.

ನನ್ನ ತಮ್ಮ ಬಾಯಿ ತೆರೆದ. ಹದಿನೆಂಟು ವರ್ಷದಿಂದ ಹೇಳಿಕೊಂಡು ಬಂದ ಮಾತು ಅಭ್ಯಾಸ ಬಲದಿಂದ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು.

"ಆಗಿದೆ, ಆಗಿದೆ," ಎಂದರು ಹಿಂದಿನಿಂದ ಡ್ರಿಲ್ ಮೇಷ್ಟ್ರು. "ನಾನು ಹೋದಾಗ ಊಟ ಮುಗಿಸಿ ಕೈ ತೊಳೀತಾ ಇದ್ರು."

"ಮೀಸೆ ಮೇಲೆ ಮೊಸರಿದೆ," ಎಂದೆ ನಾನು.

ತಮ್ಮ ಮೀಸೆ ಮುಟ್ಟಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ. ಎಲ್ಲರೂ ನಕ್ಕರು. ಅವನು ನಗಲಿಲ್ಲ, ಮಗಳನ್ನು ನೋಡಿದ. ಅವಳ ಬರಿಗಾಲು, ಒದ್ದೆ ರೆಪ್ಪೆ, ನೆಲದ ಮೇಲೆ ಬಿದ್ದಿದ್ದ ದಪ್ಪ ಬೂಟು ಎಲ್ಲವನ್ನೂ ನೋಡಿದ.

"ನಿನ್ನದು ಆಗಲಿಲ್ವಾ ಪುಟ್ಟಿ?" ಎಂದು ಮೆಲ್ಲಗೆ ಕೇಳಿದ.

"ಅರ್ಧ ಕೆಜಿ ಕಡಿಮೆ ಬಂತಪ್ಪ."

"ಎರಡು ಮುಂದಿತ್ತು ಅಂದ್ರಲ್ಲ ಮೇಷ್ಟ್ರು?"

"ನಾನೇ ಸೊನ್ನೆಗೆ ತಂದೆ."

ಅವನು ಸ್ವಲ್ಪ ಹೊತ್ತು ಹಾಗೇ ಹಲಗೆಯ ಮೇಲೆ ನಿಂತಿದ್ದ, ನಿಜವಾಗಿಯೂ ಕಲ್ಲೇ ಆಗಿಬಿಟ್ಟ ಹಾಗೆ. ಆಮೇಲೆ ಇಳಿದು, ಚಪ್ಪಲಿಯನ್ನೂ ಮೆಟ್ಟದೆ, ಬೆರಳು ಚುಚ್ಚುವ ಮೇಜಿನ ಕಡೆ ನಡೆದ. ಕಣ್ಣು ಗಟ್ಟಿಯಾಗಿ ಮುಚ್ಚಿ ಬೆರಳು ಕೊಟ್ಟ. ಡಾಕ್ಟರಮ್ಮ ರಕ್ತದೊತ್ತಡ ನೋಡಿ, "ಯಾಕಿಷ್ಟು ಏರಿದೆ? ಹೆದರಿಕೆಯಾ?" ಎಂದರು. "ಹೌದು," ಎಂದ ಅವನು. ಅವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನಗೆ ಅವನನ್ನು ಗೋಳುಹೊಯ್ಯುವ ಮನಸ್ಸೇ ಹೋಯಿತು. ನೀರು ಕೊಟ್ಟು ಒಂದಿಷ್ಟು ಹೊತ್ತು ಕೂರಿಸಿದರು. ಒತ್ತಡ ಇಳಿಯಿತು. ಮಂಚಕ್ಕೆ ಹೋದ.

ಮಲಗಿದವನ ಮುಖ ಸುಣ್ಣ. ಕಣ್ಣು ಮುಚ್ಚಿದ್ದರೂ ರೆಪ್ಪೆ ಅದುರುತ್ತಿತ್ತು. ನರ್ಸಮ್ಮ ತೋಳಿಗೆ ಪಟ್ಟಿ ಬಿಗಿದು ಸೂಜಿ ತೆಗೆಯುವ ಹೊತ್ತಿಗೆ ಅವನ ಕಾಲ್ಬೆರಳುಗಳು ಮುದುಡಿಕೊಂಡವು. ಬಿದ್ದ, ಈ ಸಲ ಮಲಗಿದ್ದಲ್ಲೇ ಬಿದ್ದ ಎಂದುಕೊಂಡೆ ನಾನು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅಂಗೈ ಅಗಲದ ಒಂದು ಪುಟ್ಟ ತಕ್ಕಡಿ ಇತ್ತು. ರಕ್ತ ತುಂಬುವ ಚೀಲವನ್ನು ಅದರ ಮೇಲೆ ಇಡುತ್ತಾರೆ, ಸಾಕಾದಷ್ಟು ಬಂತೋ ಇಲ್ಲವೋ ತಿಳಿಯಲು. ಮುಳ್ಳು ಅದನ್ನು ನೋಡಿದಳು. ಅಪ್ಪನ ತೋಳು ಅವನಿಗೇ ಕಾಣದ ಹಾಗೆ ಅಡ್ಡ ನಿಂತು, ಅವನ ಕಿವಿಯ ಹತ್ತಿರ ಬಗ್ಗಿದಳು.

"ಅಪ್ಪ, ಈ ತಕ್ಕಡಿ ಸೊನ್ನೆ ತಪ್ಪಿದೆ. ಒಂದು ಗೆರೆ ಮುಂದಿದೆ."

ಅವನ ಕಣ್ಣು ಫಟ್ಟನೆ ತೆರೆಯಿತು. "ಎಲ್ಲಿ?"

"ಇಲ್ಲಿ, ಕೆಳಗೆ. ನೋಡು."

ಅವನು ಕತ್ತು ಹೊರಳಿಸಿ ಆ ಪುಟ್ಟ ಮುಳ್ಳನ್ನೇ ದಿಟ್ಟಿಸಿದ. ಹುಬ್ಬು ಗಂಟಿಕ್ಕಿದ. ನರ್ಸಮ್ಮ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿದ್ದಳು.

"ಸರಿಯಾಗೇ ಇದೆಯಲ್ಲೇ," ಎಂದ ತಮ್ಮ.

"ಗೊತ್ತು," ಎಂದಳು ಮುಳ್ಳು.

ನನ್ನನ್ನು ಬಿಟ್ಟರೆ, ನಮ್ಮ ಮನೆಯಲ್ಲಿ ತಕ್ಕಡಿಯ ಬಗ್ಗೆ ಯಾರಾದರೂ ಹೇಳಿದ ಮೊದಲ ಸುಳ್ಳು ಅದು. ನಮ್ಮಪ್ಪ ಬದುಕಿದ್ದಿದ್ದರೆ ಏನನ್ನುತ್ತಿದ್ದನೋ. ತಾನು ದಾಟಲು ಒಂದು ಗೆರೆಯ ಸುಳ್ಳನ್ನೂ ಒಪ್ಪದವಳು, ಅಪ್ಪನನ್ನು ದಾಟಿಸಲು ಹಿಂದೆಮುಂದೆ ನೋಡಲಿಲ್ಲ.

ಆಮೇಲೆ ಅವನು ಕಣ್ಣು ಮುಚ್ಚಲೇ ಇಲ್ಲ. ಚೀಲ ಕೆಂಪಗೆ ಉಬ್ಬುತ್ತಾ ಹೋಯಿತು, ಮುಳ್ಳು ಗೆರೆಯಿಂದ ಗೆರೆಗೆ ಏರುತ್ತಾ ಹೋಯಿತು, ಅವನು ಗಿರಾಕಿಯ ಸಾಮಾನು ತೂಗುವಷ್ಟೇ ಗಮನವಿಟ್ಟು ಅದನ್ನೇ ನೋಡಿದ. ತೂಗುತ್ತಿರುವುದು ತನ್ನನ್ನೇ ಎಂಬುದು ಅವನಿಗೆ ಮರೆತ ಹಾಗಿತ್ತು. ನಡುವೆ ಒಮ್ಮೆ ಮಾತ್ರ ನರ್ಸಮ್ಮನನ್ನು, "ಇದು ಯಾರಿಗೆ ಹೋಗುತ್ತಮ್ಮ?" ಎಂದು ಕೇಳಿದ.

"ಯಾರಿಗೆ ಬೇಕೋ ಅವರಿಗೆ. ಪಡೆಯೋರಿಗೆ ನಿಮ್ಮ ಹೆಸರು ಹೇಳಲ್ಲ, ನಿಮಗೆ ಅವರ ಹೆಸರು ಹೇಳಲ್ಲ."

"ಹೌದು. ನಮಗೂ ಹೇಳಲಿಲ್ಲ," ಎಂದ.

ಮುಗಿದ ಮೇಲೆ ಮುಳ್ಳು ಅವನ ಕೈ ಹಿಡಿದುಕೊಂಡು ನನ್ನ ಮೇಜಿಗೆ ಕರೆತಂದಳು. ಬೀಳಲಿಲ್ಲ, ಓಲಾಡಲೂ ಇಲ್ಲ. ಎಲ್ಲರಿಗೂ ಒಂದೊಂದು ಲೋಟ ಕೊಡುತ್ತಿದ್ದವಳು ಅವನಿಗೆ ಎರಡು ಕೊಟ್ಟೆ. ಏನಾದರೂ ಕುಟುಕಬೇಕು ಎಂದು ಬಾಯಿ ತೆರೆದರೆ ಬಂದದ್ದು, "ಬಿಸ್ಕತ್ತು ತಗೋ," ಎಂಬ ಮಾತು. ನನಗೆ ಹೀಗಾಗುವುದು ಅಪರೂಪ, ಯಾರೂ ನೋಡದಿರಲಿ ಎಂದು ತಿರುಗಿ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದೆ.

"ಮನೆಗೆ ಹೋಗಿ ಅಮ್ಮನಿಗೆ ನಾನೇ ಹೇಳ್ತೀನಿ," ಎಂದಳು ಮುಳ್ಳು. "ಇನ್ಮೇಲೆ ಕಥೆಯ ಕೊನೇ ಭಾಗ ನನ್ನದು."

"ಕಣ್ಣು ಮುಚ್ಚಿದ್ದೆ ಅನ್ನೋದನ್ನ ಬಿಟ್ಟು ಹೇಳು," ಎಂದ ತಮ್ಮ.

"ಅದನ್ನೇ ಮೊದಲು ಹೇಳ್ತೀನಿ."

ಅವನು ನಕ್ಕ. ನಾನು ಅವನ ಮುಂದಿಟ್ಟ ಬಿಸ್ಕತ್ತುಗಳಲ್ಲಿ ಒಂದನ್ನೂ ಮುಟ್ಟದೆ ಇಡೀ ತಟ್ಟೆಯನ್ನು ಮಗಳ ಕಡೆ ತಳ್ಳಿದ. ಇದು ರಕ್ತ ಕೊಟ್ಟವರಿಗೆ ಎಂದು ಅವಳು ಮತ್ತೆ ಹಿಂದೆ ತಳ್ಳಹೊರಟಳು.

"ಕೊಟ್ಟವನು ನಾನು. ನನ್ನ ಪಾಲನ್ನ ನಿನಗೆ ಕೊಡ್ತಾ ಇದ್ದೀನಿ," ಎಂದ. "ತಿನ್ನು. ಬರೋ ವರ್ಷ ಸೊನ್ನೆಗೆ ತಂದ ಮೇಲೂ ನಲವತ್ತೈದು ತೋರಿಸಬೇಕು."